ಕಿಟ್ಟೆಲ್ಲರ ಆರಾಧನೆ

ಭಾನುವಾರ ಬೆಳಗಿನ ಹೊತ್ತು. ಹುಬ್ಬಳ್ಳಿ-ಧಾರವಾಡದ ಕ್ರೈಸ್ತ ದೇವಾಲಯಗಳಲ್ಲಿ ಗಂಟೆ ಮೊಳಗುತ್ತದೆ. ಹಿರಿಯರು, ಕಿರಿಯರು, ಹೆಣ್ಣುಮಕ್ಕಳು ಗೀತಪುಸ್ತಕವನ್ನು ಕೈಯಲ್ಲಿ ಹಿಡಿದು ಒಳಗೆ ಬರುತ್ತಾರೆ. ವಾದ್ಯದ ಶ್ರುತಿ ಏಳುತ್ತದೆ. ನೆರೆದವರೆಲ್ಲರೂ ಎದ್ದುನಿಂತು ಒಂದೇ ಕಂಠದಿಂದ ಹಾಡುತ್ತಾರೆ. ಹಾಡಿನ ಭಾಷೆ ಕನ್ನಡ. ಆದರೆ ಧಾಟಿ ಒಮ್ಮೆ ಜರ್ಮನಿಯದು, ಒಮ್ಮೆ ನಮ್ಮ ನಾಡಿನ ಭಜನೆಯದು. ಎರಡು ದೂರದ ದೇಶಗಳು ಒಂದು ಪುಸ್ತಕದ ಪುಟಗಳಲ್ಲಿ ಹೀಗೆ ಕೂಡಿಕೊಂಡದ್ದು ಹೇಗೆ? ದೇವರನ್ನು ಸ್ತುತಿಸುವವನು ಯಾವ ಭಾಷೆಯಲ್ಲಿ, ಯಾವ ಧಾಟಿಯಲ್ಲಿ ಸ್ತುತಿಸಬೇಕು? ಈ ಪ್ರಶ್ನೆಯನ್ನು ನೂರೈವತ್ತು ವರ್ಷಗಳಿಗೂ ಹಿಂದೆ ಮನಸ್ಸಿಗೆ ಹಚ್ಚಿಕೊಂಡವರಲ್ಲಿ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ಲರು ಪ್ರಮುಖರು. ಕನ್ನಡಿಗರು ಅವರನ್ನು ಬಲ್ಲುದು ನಿಘಂಟಿನ ಕರ್ತೃವಾಗಿ. ಆ ನಿಘಂಟುಕಾರನೊಳಗೆ ಒಬ್ಬ ಹಾಡುಗಾರನೂ ಇದ್ದನೆಂಬುದು ಅನೇಕರಿಗೆ ತಿಳಿಯದು.

ಕಿಟ್ಟೆಲ್ಲರು ಹುಟ್ಟಿದ್ದು 1832ನೆಯ ಇಸವಿ ಏಪ್ರಿಲ್ 7ರಂದು, ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಸಮುದ್ರದ ಅಂಚಿಗಿರುವ ಈಸ್ಟ್ ಫ್ರೀಸ್‌ಲ್ಯಾಂಡ್ ಪ್ರದೇಶದ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ. ತಂದೆ ಆ ಊರಿನ ಪಾದ್ರಿಗಳು. ಪಾದ್ರಿಯ ಮನೆಯಲ್ಲಿ ಬೆಳೆಯುವ ಮಗುವಿಗೆ ಪ್ರಾರ್ಥನೆ ಮತ್ತು ಸಂಗೀತಗಳು ತಾಯಿಯ ಹಾಲಿನಷ್ಟೇ ಸಹಜವಾದವು. ಶಾಲೆಯಲ್ಲಿ ಬಾಲಕನು ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು ಕಲಿತನು. ಭಾಷೆಗಳ ಮೇಲಣ ಈ ಪ್ರೀತಿ ಮುಂದೆ ಅವನ ಬಾಳಿನ ಗತಿಯನ್ನೇ ನಿರ್ಧರಿಸಿತು.

ಕಿಟ್ಟೆಲ್ಲರು ಬೆಳೆದ ಪರಂಪರೆಯನ್ನು ಅರಿಯದೆ ಅವರ ಹಂಬಲವನ್ನು ಅರಿಯಲಾಗದು. ಹದಿನಾರನೆಯ ಶತಮಾನದವರೆಗೆ ಜರ್ಮನಿಯ ದೇವಾಲಯಗಳಲ್ಲಿ ಆರಾಧನೆಯ ಭಾಷೆ ಲ್ಯಾಟಿನ್ ಆಗಿತ್ತು. ಪೂಜಾವಿಧಿಯ ಮುಖ್ಯ ಹಾಡುಗಳನ್ನು ಪುರೋಹಿತರೂ ಗಾಯಕವೃಂದದವರೂ ಹಾಡುತ್ತಿದ್ದರು; ಜನಸಾಮಾನ್ಯರು ಬಹುಮಟ್ಟಿಗೆ ಕೇಳುವವರಾಗಿ ನಿಂತಿರುತ್ತಿದ್ದರು. ಮಾರ್ಟಿನ್ ಲೂಥರನು ಈ ರೂಢಿಯನ್ನು ಬದಲಿಸಿದನು. ಆರಾಧನೆಯು ಯಾರೋ ಮಾಡಿ ಯಾರೋ ನೋಡುವ ಕ್ರಿಯೆಯಲ್ಲ. ನೆರೆದ ಪ್ರತಿಯೊಬ್ಬನೂ ತನ್ನ ಬಾಯಿಂದ, ತನ್ನ ಮಾತಿನಲ್ಲಿ ಅದರಲ್ಲಿ ಪಾಲುಗೊಳ್ಳಬೇಕೆಂಬುದು ಅವನ ನಿಲುವು. ಅದಕ್ಕಾಗಿ ಅವನು ಜರ್ಮನ್ ಭಾಷೆಯಲ್ಲಿ ಗೀತಗಳನ್ನು ರಚಿಸಿದನು. 1524ರಲ್ಲಿ ಅವನ ಗೀತಗಳುಳ್ಳ ಮೊದಲ ಕಿರುಪುಸ್ತಕ ಅಚ್ಚಾಯಿತು. ಎರಡು ಶತಮಾನಗಳ ತರುವಾಯ ಬಾಖ್‌ನಂಥ ಮಹಾಸಂಗೀತಗಾರನು ಅಂಥ ಗೀತಗಳ ಧಾಟಿಗಳನ್ನೇ ಹಿಡಿದು ತನ್ನ ಅಮರ ಕೃತಿಗಳನ್ನು ಕಟ್ಟಿದನು.

ಇಲ್ಲಿ ಒಂದು ಸಂಗತಿ ಗಮನಾರ್ಹವಾಗಿದೆ. ಲೂಥರನು ಹುಟ್ಟಿದ್ದು 1483ರಲ್ಲಿ. ಪರಂಪರೆಯು ಹೇಳುವಂತೆ ಪುರಂದರದಾಸರು ಹುಟ್ಟಿದ್ದು 1484ರಲ್ಲಿ. ಒಬ್ಬರನ್ನೊಬ್ಬರು ಅರಿಯದ ಇವರಿಬ್ಬರೂ ಒಂದೇ ಕಾಲದಲ್ಲಿ, ಭೂಮಂಡಲದ ಎರಡು ಕಡೆಗಳಲ್ಲಿ, ಪಂಡಿತರ ಭಾಷೆಯಲ್ಲಿದ್ದ ಭಕ್ತಿಯನ್ನು ಜನರ ಆಡುಮಾತಿನ ಹಾಡಿಗೆ ತಂದರು. ಕನ್ನಡ ನಾಡಿನಲ್ಲಿ ಆ ಕೆಲಸವನ್ನು ಹನ್ನೆರಡನೆಯ ಶತಮಾನದ ವಚನಕಾರರು ಆಗಲೇ ಆರಂಭಿಸಿದ್ದರು. ಕಿಟ್ಟೆಲ್ಲರು ಲೂಥರನ ನಾಡಿನಿಂದ ಹೊರಟು ಬಂದದ್ದು ಪುರಂದರದಾಸರ ನಾಡಿಗೆ. ದೇವರನ್ನು ತನ್ನ ಮಾತಿನಲ್ಲಿ ಹಾಡಬೇಕೆಂಬ ಪಾಠವನ್ನು ಈ ನಾಡಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಎಂಬ ಸಂಸ್ಥೆ ಸ್ಥಾಪನೆಯಾಗಿತ್ತು. ಅದರ ಮೊದಲ ಮೂವರು ಬೋಧಕರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಅವರ ಕೇಂದ್ರಗಳು ಆರಂಭವಾದವು. ಶಾಲೆಗಳು ತೆರೆದವು, ಮಂಗಳೂರಿನಲ್ಲಿ ಮುದ್ರಣಾಲಯ ನಡೆಯತೊಡಗಿತು. ಕಿಟ್ಟೆಲ್ಲರು ಹದಿನೆಂಟರ ಹರೆಯದಲ್ಲಿ ಈ ಸಂಸ್ಥೆಯನ್ನು ಸೇರಿದರು. ಬಾಸೆಲ್‌ನಲ್ಲಿ ತರಬೇತಿ ಪಡೆದು 1853ರಲ್ಲಿ, ಇಪ್ಪತ್ತೊಂದು ವರ್ಷದ ತರುಣರಾಗಿ, ಭಾರತಕ್ಕೆ ಬಂದರು. ಮೊದಲು ಅವರು ನೆಲಸಿದ ಊರು ಧಾರವಾಡ.

ಆಗಿನ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿ ಮೇಲುಗೈ ಪಡೆದಿದ್ದ ಕಾಲವದು. ಆದರೆ ಮನೆಯೊಳಗೆ, ಹೊಲದಲ್ಲಿ, ಸಂತೆಯಲ್ಲಿ, ಗುಡಿ-ಮಠಗಳಲ್ಲಿ ಕನ್ನಡವೇ ತುಂಬಿತ್ತು. ಅದರಲ್ಲಿಯೂ ಹಾಡಿನ ರೂಪದ ಕನ್ನಡ. ಬೀಸುವ ಕಲ್ಲಿನ ಮುಂದೆ ಹೆಂಗಳೆಯರ ಪದಗಳು, ಮಠಗಳಲ್ಲಿ ಶರಣರ ಪದಗಳು, ಏಕಾದಶಿಯಂದು ದಾಸರ ಪದಗಳು, ಊರ ಕಟ್ಟೆಯಲ್ಲಿ ಲಾವಣಿ, ಬಯಲಿನಲ್ಲಿ ದೊಡ್ಡಾಟ. ಹುಬ್ಬಳ್ಳಿಯಿಂದ ಬಹುದೂರವಲ್ಲದ ಶಿಶುನಾಳದಲ್ಲಿ ಷರೀಫ ಸಾಹೇಬರು ತತ್ತ್ವಪದಗಳನ್ನು ಹಾಡುತ್ತಿದ್ದದ್ದೂ ಆ ಕಾಲದಲ್ಲಿಯೇ. ಹಿಂದೂ, ಮುಸಲ್ಮಾನ, ಲಿಂಗಾಯತ ಎಂಬ ಭೇದವಿಲ್ಲದೆ ಜನರು ಆ ಪದಗಳಿಗೆ ಕಿವಿಗೊಡುತ್ತಿದ್ದರು. ತಂಬೂರಿ, ಏಕತಾರಿ, ತಾಳಗಳ ಸಪ್ಪಳವಿಲ್ಲದೆ ಈ ನಾಡಿನಲ್ಲಿ ಭಕ್ತಿಯೇ ಇಲ್ಲವೆನ್ನಬಹುದಾಗಿತ್ತು.

ಇಂಥ ನಾಡಿನಲ್ಲಿ ಹೊಸದಾಗಿ ಕ್ರೈಸ್ತರಾದ ಕುಟುಂಬಗಳ ಸ್ಥಿತಿಯನ್ನು ನಾವು ಊಹಿಸಿಕೊಳ್ಳಬೇಕು. ಮತವನ್ನು ಬದಲಿಸಿದವರಿಗೆ ಬಂಧುಗಳ ಸಂಬಂಧ ಕಡಿಯುತ್ತಿತ್ತು. ಕುಲದ ವೃತ್ತಿಯೂ ಎಷ್ಟೋ ಸಲ ಕೈತಪ್ಪುತ್ತಿತ್ತು. ಅದರೊಡನೆ, ಹುಟ್ಟಿದಂದಿನಿಂದ ಕೇಳಿದ ಹಾಡೂ ದೂರವಾಗುತ್ತಿತ್ತು. ದೇವಾಲಯದಲ್ಲಿ ಅವರು ಹಾಡಬೇಕಾಗಿದ್ದುದು ಬಹುಪಾಲು ಜರ್ಮನ್ ಧಾಟಿಗಳನ್ನು. ಮೊದಲ ಬೋಧಕರು ತಮ್ಮ ನಾಡಿನ ಗೀತಗಳನ್ನು ಶ್ರದ್ಧೆಯಿಂದ ಕನ್ನಡಕ್ಕೆ ತಿರುಗಿಸಿದ್ದರು. ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ತಾವು ಅತಿ ಪವಿತ್ರವೆಂದು ಬಗೆದುದನ್ನೇ ಅವರು ಇತರರಿಗೆ ಕೊಟ್ಟಿದ್ದರು. ಆದರೆ ಆ ಉಡುಗೆ ಕನ್ನಡದ ಮೈಗೆ ಒಪ್ಪುತ್ತಿರಲಿಲ್ಲ.

ಒಪ್ಪದಿರುವುದಕ್ಕೆ ಕಾರಣ ಭಾಷೆಗಳ ಸ್ವಭಾವದಲ್ಲಿಯೇ ಇದೆ. ಜರ್ಮನ್ ಪದ್ಯವು ಅಕ್ಷರಗಳ ಮೇಲೆ ಬೀಳುವ ಒತ್ತನ್ನು ಅನುಸರಿಸಿ ನಡೆಯುತ್ತದೆ. ಕನ್ನಡ ಪದ್ಯ ನಡೆಯುವುದು ಮಾತ್ರೆಗಳ ಲೆಕ್ಕದಲ್ಲಿ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಾಕ್ಷರಕ್ಕೆ ಎರಡು ಮಾತ್ರೆ. ಈ ಅಳತೆ ತಪ್ಪಿದರೆ ಇಂಪು ಕೆಡುವುದಷ್ಟೇ ಅಲ್ಲ, ಅರ್ಥವೇ ಕೆಡುತ್ತದೆ. ದೇವರ ಬಲವನ್ನು ಕೊಂಡಾಡುವ ಭಕ್ತನು ಪರದೇಶದ ಧಾಟಿಗಾಗಿ ಮೊದಲ ಅಕ್ಷರವನ್ನು ಎಳೆದನೆನ್ನಿ, ಬಲವು ಬಾಲವಾಗುತ್ತದೆ! ಮರ ಎಂಬುದು ಮಾರನಾಗುತ್ತದೆ. ಇನ್ನೂ ಒಂದು ತೊಡಕುಂಟು. ಕನ್ನಡದ ಪದಗಳು ಪ್ರತ್ಯಯಗಳನ್ನು ಕೂಡಿಸಿಕೊಂಡು ಉದ್ದವಾಗುತ್ತವೆ. ಆರು ಅಥವಾ ಎಂಟು ಅಕ್ಷರಗಳ ಜರ್ಮನ್ ಪಂಕ್ತಿಯಲ್ಲಿ ಅವು ಹಿಡಿಸದೆ ನಡುವೆಯೇ ತುಂಡಾಗುತ್ತವೆ. ಹಾಡುವವನಿಗೆ ಪದ ಎಲ್ಲಿ ಮುಗಿಯಿತೆಂದು ತಿಳಿಯದು. ಕೇಳುವವನಿಗೆ ಅರ್ಥ ದಕ್ಕದು. ಕನ್ನಡದ ಕಿವಿ ಎದುರುನೋಡುವ ಪ್ರಾಸವಂತೂ ಅಲ್ಲಿ ಸಿಗುವುದು ದುರ್ಲಭ. ಪಾಶ್ಚಾತ್ಯ ಗೀತವನ್ನು ನಾಲ್ಕು ಸ್ತರಗಳ ಧ್ವನಿಗಳು ಏಕಕಾಲದಲ್ಲಿ ಹಾಡುತ್ತವೆ. ನಮ್ಮ ಸಂಗೀತವು ಒಂದೇ ಎಳೆಯನ್ನು ರಾಗ-ತಾಳಗಳಲ್ಲಿ ಬೆಳೆಸುತ್ತದೆ. ಎರಡೂ ಸುಂದರವೇ. ಆದರೆ ಒಂದರ ಅಚ್ಚಿನಲ್ಲಿ ಇನ್ನೊಂದನ್ನು ಎರೆಯುವುದು ಸುಲಭವಲ್ಲ.

ಕಿಟ್ಟೆಲ್ಲರು ಕನ್ನಡವನ್ನು ಪುಸ್ತಕದಿಂದ ಮಾತ್ರ ಕಲಿಯದೆ ಜನರ ಬಾಯಿಂದಲೂ ಕಲಿತರು. ಸಂಸ್ಕೃತವನ್ನು ಅಭ್ಯಸಿಸಿದರು, ನೆರೆಯ ದ್ರಾವಿಡ ಭಾಷೆಗಳ ಪರಿಚಯ ಮಾಡಿಕೊಂಡರು. ಕನ್ನಡಿಗರ ನಡುವೆ ಕನ್ನಡಿಗನಂತೆಯೇ ಬಾಳಬೇಕೆಂಬುದು ಅವರ ಆಸೆ. ಯಾವ ಜನರ ಬಳಿಗೆ ಹೋಗುವೆವೋ ಆ ಜನರಂತೆಯೇ ಆಗಬೇಕೆಂಬ ಸಂತ ಪೌಲನ ಉಪದೇಶವನ್ನು ಅವರು ಅಕ್ಷರಶಃ ಆಚರಿಸಬಯಸಿದರು. ಇದು ಅವರ ಹಿರಿಯರೆಲ್ಲರಿಗೂ ಹಿಡಿಸಲಿಲ್ಲ. ಸಂಸ್ಥೆಗೆ ತನ್ನದೇ ಆದ ಶಿಸ್ತಿತ್ತು, ನಿಯಮಗಳಿದ್ದುವು. ಎಷ್ಟು ಜನರು ಸಭೆಗೆ ಸೇರಿದರೆಂಬುದೇ ಬೋಧಕನ ಕೆಲಸದ ಅಳತೆಯಾಗಿದ್ದ ಆ ಕಾಲದಲ್ಲಿ, ತಾಳೆಯೋಲೆಗಳನ್ನು ಓದುತ್ತ, ಛಂದಸ್ಸನ್ನು ಎಣಿಸುತ್ತ ಕುಳಿತ ತರುಣನು ವಿಚಿತ್ರ ಮನುಷ್ಯನಂತೆ ತೋರಿದನು. ಆ ಲೆಕ್ಕದಲ್ಲಿ ಕಿಟ್ಟೆಲ್ಲರು ಯಶಸ್ವಿಯಾದ ಬೋಧಕರೆನಿಸಲೇ ಇಲ್ಲ. ಊರಿಂದೂರಿಗೆ ವರ್ಗವಾಗುತ್ತ ಮಂಗಳೂರು, ಮಡಿಕೇರಿ ಮೊದಲಾದೆಡೆಗಳಲ್ಲಿ ಅವರು ದುಡಿದರು.

ಅವರ ಮುಂದೆ ಒಂದು ಮೇಲ್ಪಂಕ್ತಿಯೂ ಇತ್ತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಆರಂಭಿಸಿದ ಹರ್ಮನ್ ಮೋಗ್ಲಿಂಗರು ಅದೇ ಮಿಷನ್ನಿನವರು. ಅವರು ಕನ್ನಡದ ಪ್ರಾಚೀನ ಕಾವ್ಯಗಳನ್ನು ಅಚ್ಚು ಹಾಕಿಸಿದರು. 1850ರಲ್ಲಿ ದಾಸರ ಪದಗಳ ಸಂಗ್ರಹವೊಂದನ್ನು ಮಂಗಳೂರಿನಲ್ಲಿ ಪ್ರಕಟಿಸಿದರು. ತಮ್ಮ ಮತವನ್ನು ಸಾರಲು ಬಂದವರ ಮುದ್ರಣಾಲಯದಿಂದಲೇ ಹರಿದಾಸರ ಹಾಡುಗಳು ಮೊದಮೊದಲಿಗೆ ಪುಸ್ತಕರೂಪದಲ್ಲಿ ಹೊರಬಂದದ್ದು ಇತಿಹಾಸದ ಒಂದು ಸೋಜಿಗ. ಈ ಜನರ ಹೃದಯವನ್ನು ತಿಳಿಯಬೇಕಾದರೆ ಅವರ ಹಾಡನ್ನು ತಿಳಿಯಬೇಕೆಂಬುದನ್ನು ಮೋಗ್ಲಿಂಗರು ಕಂಡುಕೊಂಡಿದ್ದರು. ಕಿಟ್ಟೆಲ್ಲರು ಒಂದು ಹೆಜ್ಜೆ ಮುಂದೆ ಹೋದರು. ಆ ಹಾಡಿನ ಧಾಟಿಯಲ್ಲಿ ತಾವೇ ಹಾಡತೊಡಗಿದರು.

1862ರಲ್ಲಿ ಕಿಟ್ಟೆಲ್ಲರ ಕಥಾಮಾಲೆ ಎಂಬ ಪದ್ಯಕೃತಿ ಮಂಗಳೂರಿನಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು ಮೂವತ್ತು. ಕನ್ನಡ ನಾಡಿಗೆ ಬಂದು ಇನ್ನೂ ಒಂಬತ್ತು ವರ್ಷ. ಯೇಸುಕ್ರಿಸ್ತನ ಜೀವನದ ಕಥೆಯನ್ನು ಅವರು ಈ ಕೃತಿಯಲ್ಲಿ ಕನ್ನಡದ ಛಂದಸ್ಸಿನಲ್ಲಿ, ಭಾರತೀಯ ಗಾನಪದ್ಧತಿಗೆ ಒಪ್ಪುವಂತೆ ನಿರೂಪಿಸಿದರು. ಕಥೆಯನ್ನು ಹಾಡಿ ಹೇಳುವುದು ನಮ್ಮ ನಾಡಿನ ಹಳೆಯ ಪದ್ಧತಿ. ಕುಮಾರವ್ಯಾಸನ ಭಾರತವನ್ನು ಗಮಕಿಯು ಚಾವಡಿಯಲ್ಲಿ ಕುಳಿತು ಹಾಡುತ್ತಾನೆ, ಓದುಬಾರದವರೂ ತಲೆದೂಗುತ್ತಾರೆ. ಭಾಮಿನೀ ಷಟ್ಪದಿಯ ನಡೆಯನ್ನೇ ನೋಡಿ. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ 23 ಮಾತ್ರೆ. ಎರಡು ಸಾಲು ಬಿಗಿಯಾಗಿ ನಡೆದು ಮೂರನೆಯದರಲ್ಲಿ ಹಾಡು ಹರಡಿಕೊಂಡು ಉಸಿರು ಬಿಡುತ್ತದೆ. ಇಂಥ ಬಂಧಗಳಿಗೆ ಒಗ್ಗಿದ ಕಿವಿಗೆ ಹೊಸ ಕಥೆಯೂ ಹಳೆಯ ನಂಟಿನಂತೆ ಕೇಳಿಸುತ್ತದೆ. ಕಿಟ್ಟೆಲ್ಲರು ಮನಗಂಡಿದ್ದ ರಹಸ್ಯ ಇದೇ.

ಈ ಪ್ರಯತ್ನದ ಹಿಂದೆ ಆರಾಧನೆಯ ಅರ್ಥವನ್ನು ಕುರಿತ ಒಂದು ತಿಳಿವಳಿಕೆ ಅಡಗಿದೆ. ಆರಾಧನೆ ಎಂಬ ಪದಕ್ಕೆ ಒಲಿಸಿಕೊಳ್ಳುವುದು, ಸಂತೋಷಗೊಳಿಸುವುದು ಎಂಬ ಅರ್ಥವುಂಟು. ಮಠಗಳಲ್ಲಿ ಗುರುಗಳ ಪುಣ್ಯತಿಥಿಗೆ ಆರಾಧನೆ ಎನ್ನುವರು. ಕನ್ನಡದ ಪ್ರೊಟೆಸ್ಟೆಂಟ್ ಕ್ರೈಸ್ತರು ಭಾನುವಾರದ ದೇವಾರ್ಚನೆಗೆ ಇದೇ ಪದವನ್ನು ಆರಿಸಿಕೊಂಡರು. ಕಥೋಲಿಕ ಕ್ರೈಸ್ತರು ಬಲಿಪೂಜೆ ಎನ್ನುತ್ತಾರೆ. ಈ ನೆಲದಲ್ಲಿ ಬೆಳೆದ ಪದಗಳನ್ನು ಒಪ್ಪಿಕೊಂಡ ಮೇಲೆ ಈ ನೆಲದಲ್ಲಿ ಬೆಳೆದ ರಾಗವನ್ನು ಒಲ್ಲೆನೆನ್ನುವುದು ಹೇಗೆ? ಆರಾಧಕನು ದೇವರಿಗೆ ಅರ್ಪಿಸುವುದು ತನ್ನನ್ನೇ. ತನ್ನ ಮಾತು, ತನ್ನ ದನಿ, ತನ್ನ ತಾಯಿ ತೊಟ್ಟಿಲ ಬಳಿ ಹಾಡಿದ ಧಾಟಿ, ಇವೆಲ್ಲ ಅವನ ಭಾಗಗಳೇ ಆಗಿವೆ. ಅವನ್ನು ಬಾಗಿಲ ಹೊರಗೆ ಬಿಟ್ಟು ಬಂದವನು ಎರವಲು ತಂದ ಹೂವನ್ನು ಏರಿಸಿದಂತಾಗುತ್ತದೆ. ಆದುದರಿಂದ ಆರಾಧನೆಯಲ್ಲಿ ಸಂಗೀತವು ಬರಿಯ ಅಲಂಕಾರವಲ್ಲ; ಬಿಡಿಬಿಡಿಯಾಗಿ ಬಂದ ಜನರನ್ನು ಒಂದು ಸಭೆಯಾಗಿ ಕಟ್ಟುವ ಬಂಧವದು. ಪ್ರಸಂಗವನ್ನು ಕೇಳುವಾಗ ಒಬ್ಬೊಬ್ಬನ ಮನಸ್ಸು ಒಂದೊಂದೆಡೆ ಇದ್ದೀತು. ಹಾಡುವಾಗ ಮಾತ್ರ ಎಲ್ಲರ ಉಸಿರೂ ಒಂದೇ ಕಡೆ ನಿಂತು, ಒಂದೇ ಕಡೆ ಹೊರಡುತ್ತದೆ.

ಜರ್ಮನ್ ಧಾಟಿಗಳ ಪರವಾಗಿಯೂ ಹೇಳಬೇಕಾದ ಮಾತಿದೆ. ಕಾಲಕ್ರಮದಲ್ಲಿ ಕನ್ನಡದ ಕ್ರೈಸ್ತರು ಅವನ್ನೂ ತಮ್ಮದಾಗಿ ಮಾಡಿಕೊಂಡರು. ಅಜ್ಜ-ಅಜ್ಜಿಯರು ಮದುವೆಯಲ್ಲಿಯೂ ಮಣ್ಣಿನಲ್ಲಿಯೂ ಹಾಡಿದ ಧಾಟಿ ಮೊಮ್ಮಕ್ಕಳಿಗೆ ಪರದೇಶದ್ದೆನಿಸುವುದಿಲ್ಲ. ಹಾರ್ಮೋನಿಯಂ ಕಥೆಯೂ ಹೀಗೆಯೇ. 1840ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಆ ವಾದ್ಯ ಹಡಗನ್ನೇರಿ ಭಾರತಕ್ಕೆ ಬಂದು, ಇಲ್ಲಿ ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ನುಡಿಸುವ ಪೆಟ್ಟಿಗೆಯಾಗಿ ಮಾರ್ಪಟ್ಟಿತು. ಇಂದು ಧಾರವಾಡದ ಭಜನಾಮಂದಿರವೂ ಸಂಗೀತ ಕಚೇರಿಯೂ ಅದನ್ನು ಪೇಟಿ ಎಂದು ಕರೆದು ತಮ್ಮದೆಂದೇ ಬಗೆಯುತ್ತವೆ. ಹೊರಗಿನಿಂದ ಬಂದುದೆಲ್ಲ ಪರಕೀಯವಾಗಿಯೇ ಉಳಿಯುವುದಿಲ್ಲ. ಆದರೆ ಹೊರಗಿನದನ್ನು ಒಲಿದು ಪಡೆಯುವುದು ಬೇರೆ; ತನ್ನದನ್ನು ಕಳೆದುಕೊಂಡು ಪಡೆಯುವುದು ಬೇರೆ. ಕಿಟ್ಟೆಲ್ಲರ ಕಳಕಳಿಯೆಲ್ಲ ಈ ಎರಡನೆಯದನ್ನು ಕುರಿತದ್ದು.

ಹಾಡಿನ ಬೆನ್ನು ಹತ್ತಿದ ಕಿಟ್ಟೆಲ್ಲರು ಅದರ ಶಾಸ್ತ್ರದ ಬುಡಕ್ಕೂ ಇಳಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಪ್ರಕಟಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಹೊರತಂದರು. ಕನ್ನಡ ಸಾಹಿತ್ಯವನ್ನು ಕುರಿತ ದೀರ್ಘ ಪ್ರಬಂಧವೊಂದನ್ನೂ ಅದರಲ್ಲಿ ಸೇರಿಸಿದರು. ಗಣ, ಪ್ರಾಸ, ರಗಳೆ, ಷಟ್ಪದಿ ಮೊದಲಾದುವನ್ನು ಯುರೋಪಿನ ವಿದ್ವಾಂಸರು ತಿಳಿಯಲು ಈ ಗ್ರಂಥವು ದಾರಿಯಾಯಿತು. ಕನ್ನಡದಲ್ಲಿ ಪದ್ಯ ಕಟ್ಟಬೇಕೆಂಬ ಹಂಬಲವಿದ್ದವನು ಪದ್ಯದ ಅಳತೆಗೋಲನ್ನು ಹುಡುಕಿದನು. ಅಳತೆಗೋಲನ್ನು ಹುಡುಕಿದವನಿಗೆ ಪದಗಳ ಸಾಗರವೇ ಎದುರಾಯಿತು.

ಆ ಸಾಗರವನ್ನು ದಾಟಲು ಕಿಟ್ಟೆಲ್ಲರಿಗೆ ಬಹು ವರ್ಷಗಳು ಹಿಡಿದುವು. ಕಾವ್ಯಗಳನ್ನೂ ಶಾಸ್ತ್ರಗ್ರಂಥಗಳನ್ನೂ ಶೋಧಿಸಿದರು; ಊರಿನ ಪಂಡಿತರ ನೆರವನ್ನು ಪಡೆದರು; ಗಾದೆಗಳನ್ನೂ ಆಡುನುಡಿಗಳನ್ನೂ ಕೂಡಿಹಾಕಿದರು. ನಡುವೆ ತಾಯ್ನಾಡಿಗೆ ಮರಳಿದ್ದ ಅವರು ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಮತ್ತೆ ಭಾರತಕ್ಕೆ ಬಂದರು. ಆಗ ಅವರಿಗೆ ಐವತ್ತು ದಾಟಿತ್ತು. ಕೊನೆಗೆ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. 1,700ಕ್ಕೂ ಮಿಕ್ಕ ಪುಟಗಳು, ಸುಮಾರು 70,000 ಪದಗಳು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನಿತ್ತು ಸನ್ಮಾನಿಸಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಕಿಟ್ಟೆಲ್ಲರು ಕಣ್ಮುಚ್ಚಿದರು.

ಕಿಟ್ಟೆಲ್ಲರು ಮತಪ್ರಚಾರಕ್ಕಾಗಿಯೇ ಈ ನಾಡಿಗೆ ಬಂದವರು. ಅದನ್ನು ಅವರು ಎಂದೂ ಮರೆಮಾಚಲಿಲ್ಲ. ಇಲ್ಲಿನ ಪೂಜಾಪದ್ಧತಿಗಳನ್ನು ಕುರಿತು ಅವರು ಬರೆದ ವಿಚಾರಗಳೆಲ್ಲವನ್ನೂ ಇಂದಿನವರು ಒಪ್ಪಬೇಕಾಗಿಲ್ಲ. ಆದರೆ ಒಂದು ಜನಾಂಗದ ಭಾಷೆಯನ್ನೂ ಹಾಡನ್ನೂ ಗೌರವಿಸದೆ ಆ ಜನಾಂಗದೊಡನೆ ದೇವರ ಮಾತನ್ನಾಡಲಾಗದೆಂಬುದನ್ನು ಅವರು ಅರಿತಿದ್ದರು. ಈ ಅರಿವು ಅವರೊಬ್ಬರದೇ ಅಲ್ಲ. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು ಕ್ರೈಸ್ತ ಕೀರ್ತನೆಗಳನ್ನು ತಮಿಳಿನಲ್ಲಿ ರಚಿಸಿದ್ದರು. ಧಾರವಾಡಕ್ಕೆ ನೆರೆಯ ಮಹಾರಾಷ್ಟ್ರದಲ್ಲಿ ನಾರಾಯಣ ವಾಮನ ತಿಲಕರು ತುಕಾರಾಮರ ಅಭಂಗದ ಧಾಟಿಯಲ್ಲಿ ಕ್ರಿಸ್ತನನ್ನು ಹಾಡಿದರು. ಕಥೋಲಿಕ ಸಭೆಯು 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ಮೂಲಕ, ಆರಾಧನೆಯಲ್ಲಿ ದೇಶಭಾಷೆಗಳಿಗೆ ಅವಕಾಶವಿತ್ತಿತು. ಆಯಾ ಜನರ ಸಂಗೀತಕ್ಕೂ ಮನ್ನಣೆ ನೀಡಿತು. ಕಥಾಮಾಲೆ ಅಚ್ಚಾದ ನೂರೊಂದು ವರ್ಷಗಳ ಮೇಲೆ ಬಂದ ತೀರ್ಮಾನವದು.

ಧಾರವಾಡದಲ್ಲಿ ಕಿಟ್ಟೆಲ್ಲರ ಹೆಸರಿನ ಕಾಲೇಜಿದೆ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯಿದೆ. ಅವರ ನಿಘಂಟು ವಿದ್ವಾಂಸರ ಮೇಜಿನ ಮೇಲೆ ಇಂದಿಗೂ ತೆರೆದಿರುತ್ತದೆ. ಬೋಧಕನಾಗಿ ಸೋತನೆನಿಸಿಕೊಂಡ ವ್ಯಕ್ತಿಯನ್ನು ಒಂದು ನಾಡು ಹೀಗೆ ನೆನೆಯುವುದಕ್ಕೆ ಕಾರಣವೇನು? ಅವರು ಕನ್ನಡದ ಒಂದೊಂದು ಪದವನ್ನೂ ಕೈಯಲ್ಲಿ ಹಿಡಿದು, ಅದರ ತೂಕ ನೋಡಿ, ಅದರ ದನಿ ಕೇಳಿ, ಮಣಿಯಂತೆ ಪೋಣಿಸಿದರು. ಹ್ರಸ್ವವು ದೀರ್ಘವಾಗದಂತೆ, ಬಲವು ಬಾಲವಾಗದಂತೆ ಕಾಯ್ದರು. ಪರರ ನುಡಿಗೆ ತೋರಿದ ಆ ಎಚ್ಚರವೂ ಆ ಪ್ರೀತಿಯೂ ಕಿಟ್ಟೆಲ್ಲರು ಸಲ್ಲಿಸಿದ ನಿಜವಾದ ಆರಾಧನೆಯಾಗಿತ್ತು.